ಬಾತುಮರಿ ಮೊಟ್ಟೆಯೊಳಗೇ ಸಿಕ್ಕಿಕೊಂಡರೆ: ಯಾವಾಗ ಸಹಾಯ, ಯಾವಾಗ ಬರೀ ಕಾಯುವುದು?

ಇವತ್ತಿನ ಸಂಚಿಕೆಯನ್ನು ನಾನು ರೆಕಾರ್ಡ್ ಮಾಡ್ತಿರೋದು ಬಹ್ರೇನ್‌ನ ಬುದಯ್ಯದಲ್ಲಿರುವ ನಮ್ಮ ಮನೆಯಿಂದ. ಮಾತಿನ ಮಧ್ಯೆ ಕೀಚ್ ಕೀಚ್ ಅಂತ ಕೇಳಿಸಿದ್ರೆ ಅದು ನಿಮ್ಮ ಇಯರ್‌ಫೋನ್ ತೊಂದರೆ ಅಲ್ಲ. ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಐದು ದಿನದ ಬಾತುಮರಿಗಳು ಐದು ಇವೆ. ಅದರಲ್ಲಿ ನಾಲ್ಕು ತಾವಾಗೇ ಹೊರಬಂದವು. ಐದನೇದಕ್ಕೆ ನಾನು ಸಹಾಯ ಮಾಡಿದೆ. ಈ ಸಂಚಿಕೆ ಆ ಐದನೇದರ ಬಗ್ಗೆ. ಜೊತೆಗೆ, ಪೆಟ್ಟಿಗೆಯಲ್ಲಿ ಇಲ್ಲದ ಎರಡು ಮರಿಗಳ ಬಗ್ಗೆಯೂ.

ಮನೆಯಲ್ಲಿ ಸಣ್ಣ ಇನ್‌ಕ್ಯುಬೇಟರ್ ಇಟ್ಟುಕೊಂಡು ಮರಿ ಮಾಡಿಸೋರು ಈಗ ಎಲ್ಲ ಕಡೆ ಇದ್ದಾರೆ. ನಮ್ಮ ಕೇಳುಗರಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ: "ಮರಿ ಚಿಪ್ಪಿಗೆ ತೂತು ಮಾಡಿದೆ, ಆಮೇಲೆ ಸುಮ್ಮನಿದೆ. ಒಡೆದು ತೆಗೀಲಾ?" ಇದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನ ಉತ್ತರ ಇಲ್ಲ. ಆದರೆ ಉತ್ತರ ಎಲ್ಲಿ ನೋಡಬೇಕು ಅನ್ನೋದು ಇದೆ. ಅದು ಗಡಿಯಾರದಲ್ಲಿಲ್ಲ, ಚಿಪ್ಪಿನ ಒಳಗಿನ ಪೊರೆಯ ರಕ್ತನಾಳಗಳಲ್ಲಿದೆ.

ಮೊಟ್ಟೆಗಳು ಬಂದದ್ದು ಹೀಗೆ

ಬುದಯ್ಯ ಬಹ್ರೇನ್‌ನ ವಾಯವ್ಯ ಕರಾವಳಿಯಲ್ಲಿದೆ. ಈ ಉತ್ತರದ ಅಂಚಿನಲ್ಲಿ ಖರ್ಜೂರದ ತೋಟಗಳು ಇನ್ನೂ ಉಳಿದಿವೆ. ಇಲ್ಲಿನ ಬೊಟಾನಿಕಲ್ ಗಾರ್ಡನ್‌ನಲ್ಲಿ ಚಳಿಗಾಲದ ಶನಿವಾರಗಳಂದು ರೈತರ ಸಂತೆ ನಡೆಯುತ್ತೆ. ಅಲ್ಲಿ ಪರಿಚಯವಾದ ತೋಟದವರೊಬ್ಬರು ಬಾತು ಸಾಕಿದ್ದಾರೆ. ಸೀಸನ್ ಮುಗಿಯುವ ಹೊತ್ತಿಗೆ ಎಂಟು ಮೊಟ್ಟೆ ಕೊಟ್ಟರು.

ಬಾತುಕೋಳಿ ಮೊಟ್ಟೆ ಮರಿಯಾಗೋಕೆ ಸುಮಾರು 28 ದಿನ ಬೇಕು. ಮಸ್ಕೋವಿ ಅನ್ನೋ ಜಾತಿಗೆ ಮಾತ್ರ 35 ದಿನ. ಕೋಳಿಗಾದ್ರೆ 21. ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಇಡಬೇಕು. 25ನೇ ದಿನದವರೆಗೆ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸಬೇಕು. ಆಮೇಲೆ ಹೊರಳಿಸೋದು ನಿಲ್ಲಿಸಿ, ತೇವಾಂಶ ಹೆಚ್ಚಿಸಿ, ಮುಚ್ಚಳ ಮುಚ್ಚಿ ಬಿಡಬೇಕು.

ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದಾಗ ಎರಡು ಮೊಟ್ಟೆಗಳಲ್ಲಿ ನಾಳಗಳೇ ಇರಲಿಲ್ಲ, ಅಂದ್ರೆ ಫಲ ಕಟ್ಟಿರಲಿಲ್ಲ. ಉಳಿದ ಆರರ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಬರೆದೆ. ಇವತ್ತಿನ ಕಥೆ ನಾಲ್ಕನೇ ನಂಬರ್ ಮತ್ತು ಆರನೇ ನಂಬರ್ ಮೊಟ್ಟೆಗಳದ್ದು.

ಮೊಟ್ಟೆ ಉಸಿರಾಡುತ್ತೆ

ಮೊದಲು ಸ್ವಲ್ಪ ಜೀವಶಾಸ್ತ್ರ. ಮೊಟ್ಟೆಯ ಚಿಪ್ಪು ಕಲ್ಲಿನ ಗೋಡೆ ಥರ ಕಂಡರೂ ಅದರ ತುಂಬ ಸೂಕ್ಷ್ಮ ರಂಧ್ರಗಳಿವೆ. ಕೋಳಿಮೊಟ್ಟೆಯಲ್ಲಿ ಅವು ಸುಮಾರು ಹತ್ತು ಸಾವಿರ. ಅಮೆರಿಕದ ಬಫಲೋದಲ್ಲಿದ್ದ ಶರೀರವಿಜ್ಞಾನಿ ಹರ್ಮನ್ ರಾನ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಇದನ್ನು ಬಹಳ ಚೆನ್ನಾಗಿ ಲೆಕ್ಕ ಹಾಕಿದರು. ಒಂದು ಕೋಳಿಮೊಟ್ಟೆ 21 ದಿನಗಳಲ್ಲಿ ಸುಮಾರು 6 ಲೀಟರ್ ಆಮ್ಲಜನಕ ಒಳಗೆ ಎಳೆದುಕೊಳ್ಳುತ್ತೆ. ಸುಮಾರು 4.5 ಲೀಟರ್ ಇಂಗಾಲದ ಡೈಆಕ್ಸೈಡ್ ಮತ್ತು 11 ಲೀಟರ್ ನೀರಾವಿ ಹೊರಗೆ ಬಿಡುತ್ತೆ. ಹೆಚ್ಚು ಕಡಿಮೆ ಅಂಗೈಯಲ್ಲಿ ಹಿಡಿಯುವ ವಸ್ತು, ಆದರೆ ಮೂರು ವಾರ ಬಿಡದೆ ಉಸಿರಾಡುತ್ತಿರುತ್ತೆ!

ಹೀಗೆ ಹೋಗುವ ನೀರಿನ ಜಾಗದಲ್ಲಿ, ಮೊಟ್ಟೆಯ ದಪ್ಪ ತುದಿಯಲ್ಲಿ, ಗಾಳಿ ತುಂಬಿಕೊಳ್ಳುತ್ತೆ. ಬೇಯಿಸಿದ ಮೊಟ್ಟೆ ಸುಲಿದಾಗ ಒಂದು ತುದಿಯಲ್ಲಿ ಚಪ್ಪಟೆಯಾದ ಗುಳಿ ಕಾಣುತ್ತಲ್ವಾ, ಅದೇ ಜಾಗ. ಅದನ್ನು ನಾವು ಗಾಳಿಕೋಣೆ ಅನ್ನೋಣ. ಮರಿಯ ಮೊದಲ ಉಸಿರು ಅಲ್ಲೇ.

ಹಾಗಾಗಿ ನೀರು ಹದವಾಗಿ ಹೋಗಬೇಕು. ಕಡಿಮೆ ಹೋದರೆ ಗಾಳಿಕೋಣೆ ಚಿಕ್ಕದಾಗಿ, ಮರಿ ಊದಿಕೊಂಡಂತಾಗಿ ತಿರುಗೋಕೆ ಜಾಗ ಸಿಗಲ್ಲ. ಜಾಸ್ತಿ ಹೋದರೆ ಪೊರೆ ಒಣಗಿ ಮರಿಯ ಮೈಗೆ ಅಂಟುತ್ತೆ. ಬಾತುಮೊಟ್ಟೆಗೆ ಮುಚ್ಚಳ ಮುಚ್ಚುವ ದಿನದ ಹೊತ್ತಿಗೆ ತೂಕದ ಸುಮಾರು 12ರಿಂದ 14 ಪ್ರತಿಶತ ಇಳಿದಿದ್ದರೆ ಒಳ್ಳೇದು. ಅಂದ್ರೆ 80 ಗ್ರಾಮಿನ ಮೊಟ್ಟೆ 70 ಗ್ರಾಮಿನ ಆಸುಪಾಸಿಗೆ ಬಂದಿರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ಇದನ್ನು ನೋಡಬಹುದು.

ನನ್ನ ನಾಲ್ಕನೇ ಮೊಟ್ಟೆ ಮೊದಲ ದಿನ 82 ಗ್ರಾಮ್ ಇತ್ತು. 25ನೇ ದಿನ 69. ಅಂದ್ರೆ ಸುಮಾರು 16 ಪ್ರತಿಶತ ಇಳಿದಿತ್ತು. ಉಳಿದವೆಲ್ಲ 13ರ ಸುತ್ತ ಇದ್ದವು. ಅದರ ಚಿಪ್ಪಿನಲ್ಲಿ ರಂಧ್ರಗಳು ಜಾಸ್ತಿ ಇದ್ದವೋ ಏನೋ. ಜೊತೆಗೆ ಇಲ್ಲಿ ಏಪ್ರಿಲ್ ಕೊನೆಗೆ ಎಸಿ ಶುರುವಾಗುತ್ತೆ. ಹೊರಗೆ ಸಮುದ್ರದ ಬೆವರು ಬರಿಸೋ ಗಾಳಿ, ಒಳಗೆ ಎಸಿಯ ಒಣ ಗಾಳಿ. ಇನ್‌ಕ್ಯುಬೇಟರ್ ಇದ್ದದ್ದು ಎಸಿ ಕೋಣೆಯಲ್ಲಿ. ತೊಂದರೆಯ ಬೀಜ ಅಲ್ಲೇ ಬಿದ್ದಿತ್ತು.

ಕೊನೆಯ ಮೂರು ದಿನ

ಈಗ ಮುಖ್ಯ ವಿಷಯ. ಮೊಟ್ಟೆಯೊಳಗೆ ಮರಿಗೆ ಶ್ವಾಸಕೋಶದ ಕೆಲಸ ಮಾಡೋದು ಚಿಪ್ಪಿನ ಒಳಮೈಗೆ ಹಾಸಿಕೊಂಡಿರುವ ರಕ್ತನಾಳಗಳ ಜಾಲ. ಮರಿಯ ರಕ್ತ ಅಲ್ಲಿಗೆ ಹೋಗಿ, ರಂಧ್ರಗಳ ಮೂಲಕ ಬಂದ ಆಮ್ಲಜನಕ ತಗೊಂಡು ವಾಪಸ್ ಬರುತ್ತೆ. ದೇಹದ ಹೊರಗಿರುವ ಶ್ವಾಸಕೋಶ ಅಂತ ಇಟ್ಕೊಳ್ಳಿ.

ಮರಿ ದೊಡ್ಡದಾದಂತೆ ರಂಧ್ರಗಳಿಂದ ಬರುವ ಗಾಳಿ ಸಾಲದಾಗುತ್ತೆ. ಇಂಗಾಲದ ಡೈಆಕ್ಸೈಡ್ ಏರುತ್ತೆ. ಆಗ ಮರಿ ಕೊಕ್ಕಿನಿಂದ ಒಳಪೊರೆ ಹರಿದು ಗಾಳಿಕೋಣೆಗೆ ಮೂಗು ಹಾಕುತ್ತೆ. ಇದು ಇಂಟರ್ನಲ್ ಪಿಪ್, ಒಳಗಿನ ಕುಕ್ಕು. ನಿಜವಾದ ಶ್ವಾಸಕೋಶ ಕೆಲಸ ಶುರು ಮಾಡೋದು ಆಗಲೇ. ಮೊಟ್ಟೆಯನ್ನು ಕಿವಿಗೆ ಹಿಡಿದರೆ ಟಿಕ್ ಟಿಕ್ ಸದ್ದು, ಕೆಲವೊಮ್ಮೆ ಸಣ್ಣ ಕೀಚಲು ಕೂಡ ಕೇಳುತ್ತೆ.

ಗಾಳಿಕೋಣೆಯ ಗಾಳಿಯೂ ಸಾಲದಾದಾಗ ಮರಿ ಚಿಪ್ಪನ್ನೇ ಕುಕ್ಕುತ್ತೆ. ಕೊಕ್ಕಿನ ತುದಿಯಲ್ಲಿ ಇದಕ್ಕೆಂದೇ ಒಂದು ಗಟ್ಟಿ ಮೊನೆ ಇರುತ್ತೆ, ಅದಕ್ಕೆ ಮೊಟ್ಟೆಹಲ್ಲು ಅಂತೀವಿ. ಕತ್ತಿನ ಹಿಂಭಾಗದ ಒಂದು ಸ್ನಾಯು ಈ ದಿನಗಳಲ್ಲಿ ವಿಶೇಷವಾಗಿ ದಪ್ಪಗಾಗಿ ತಳ್ಳೋ ಬಲ ಕೊಡುತ್ತೆ. ಚಿಪ್ಪಿನ ಮೇಲೆ ನಕ್ಷತ್ರದಂಥ ಬಿರುಕು, ಆಮೇಲೆ ಸಣ್ಣ ತೂತು. ಇದು ಎಕ್ಸ್‌ಟರ್ನಲ್ ಪಿಪ್, ಹೊರಗಿನ ಕುಕ್ಕು.

ಆಮೇಲೆ ಮರಿ ಸುಮ್ಮನಾಗುತ್ತೆ. ಬಾತುಮರಿಗಳಲ್ಲಿ ಈ ಸುಮ್ಮನಿರುವ ಹೊತ್ತು ಸೇರಿ, ತೂತಿನಿಂದ ಹೊರಬರೋವರೆಗೆ 24 ಗಂಟೆಯಿಂದ 48 ಗಂಟೆ ಹಿಡಿಯೋದು ಮಾಮೂಲು. ಕೋಳಿಮರಿ ನೋಡಿ ಅಭ್ಯಾಸ ಇರೋರಿಗೆ ಇದು ತುಂಬ ಜಾಸ್ತಿ ಅನ್ನಿಸುತ್ತೆ, ಭಯ ಆಗುತ್ತೆ.

ಆದರೆ ಆ ಹೊತ್ತಿನಲ್ಲಿ ಮರಿ ಸುಮ್ಮನೆ ಕೂತಿಲ್ಲ. ಎರಡು ಕೆಲಸ ನಡೀತಿರುತ್ತೆ. ಒಂದು, ಚಿಪ್ಪಿನ ಜಾಲದಲ್ಲಿ ಹರಡಿದ್ದ ತನ್ನ ರಕ್ತವನ್ನು ಮೈಯೊಳಗೆ ವಾಪಸ್ ಎಳೆದುಕೊಳ್ಳೋದು. ಎರಡು, ಉಳಿದಿರುವ ಹಳದಿಯ ಚೀಲವನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿಸಿಕೊಳ್ಳೋದು. ಆ ಹಳದಿಯೇ ಮೊದಲ ಎರಡು ದಿನದ ಬುತ್ತಿ. ಇವೆರಡೂ ಮುಗಿದ ಮೇಲೆ ಮರಿ ನಿಧಾನಕ್ಕೆ ತಿರುಗುತ್ತಾ, ದಪ್ಪ ತುದಿಯ ಸುತ್ತ ಚಿಪ್ಪನ್ನು ಕತ್ತರಿಸುತ್ತಾ ಹೋಗಿ, ಟೋಪಿ ತೆಗೆದ ಹಾಗೆ ತಳ್ಳಿ ಹೊರಬರುತ್ತೆ.

ಅಂದ್ರೆ ನಮಗೆ "ಸಿಕ್ಕಿಕೊಂಡಿದೆ" ಅನ್ನಿಸೋ ಹೊತ್ತು ಬಹುತೇಕ ಸಲ ಸಾಮಾನು ಕಟ್ಟೋ ಹೊತ್ತು. ಸಾಮಾನು ಕಟ್ಟಿ ಮುಗಿಯೋ ಮೊದಲೇ ನಾವು ಮನೆಯ ಗೋಡೆ ಕೆಡವಿದರೆ?

ಹೋದ ವರ್ಷದ ತಪ್ಪು

ಕೆಡವಿದ್ದೇನೆ. ಹೋದ ವರ್ಷ, ಇದೇ ಮನೆಯಲ್ಲಿ. ತೂತಾಗಿ 14 ಗಂಟೆ ಆಗಿತ್ತು, ಮರಿ ಅಲ್ಲಾಡ್ತಾ ಇರಲಿಲ್ಲ. ನನ್ನ ಪಿಎಚ್‌ಡಿ ಮೀನಿನ ಕಿವಿರುಗಳ ಮೇಲೆ. ಉಸಿರಾಟ ಅಂದ್ರೆ ಏನು, ರಕ್ತ ಎಲ್ಲಿ ಹೋಗಿ ಎಲ್ಲಿಗೆ ಬರುತ್ತೆ ಅಂತ ಐದು ವರ್ಷ ಓದಿದವಳು ನಾನು. ಆದರೂ ಚಿಮಟ ತಗೊಂಡು ಚಿಪ್ಪು ಕೀಳೋಕೆ ಶುರು ಮಾಡಿದೆ. ಮೂರನೇ ಚೂರಿಗೆ ಪೊರೆ ಹರಿಯಿತು, ರಕ್ತ ಬಂತು. ಎಷ್ಟು ಬಂತು ಅಂದ್ರೆ, ಒಂದು ಟೀ ಚಮಚದಷ್ಟು ಇರಬಹುದು. ಆ ಗಾತ್ರದ ಜೀವಕ್ಕೆ ಅದು ಬಹಳ. ಒಂದು ಗಂಟೆಯೊಳಗೆ ಮರಿ ಹೋಯಿತು. ಹಳದಿ ಇನ್ನೂ ಅರ್ಧ ಹೊರಗೇ ಇತ್ತು.

ಆ ಮರಿಗೆ ತೊಂದರೆಯೇ ಇರಲಿಲ್ಲ. ಬಿಟ್ಟಿದ್ರೆ ಮಾರನೇ ದಿನ ತಾನೇ ಬರ್ತಿತ್ತು. ಪೆಟ್ಟಿಗೆಯಲ್ಲಿ ಇಲ್ಲದ ಎರಡರಲ್ಲಿ ಒಂದು ಅದು.

ಅವತ್ತು ಪುತ್ತೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ನಮ್ಮ ಮನೆಯಲ್ಲಿ ಬಾತುಮೊಟ್ಟೆಯನ್ನು ಹೇಂಟೆಯ ಅಡಿಯಲ್ಲಿ ಕಾವಿಗೆ ಇಡೋದು. ಪಾಪ, ಕೋಳಿ ತನ್ನ ಲೆಕ್ಕಕ್ಕಿಂತ ಒಂದು ವಾರ ಜಾಸ್ತಿ ಕೂರಬೇಕು. ಕೊನೆಯ ದಿನಗಳಲ್ಲಿ ಅಮ್ಮ ಮೊಟ್ಟೆಗಳ ಮೇಲೆ ಉಗುರುಬೆಚ್ಚಗಿನ ನೀರು ಚಿಮುಕಿಸ್ತಿದ್ರು. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಅಮ್ಮ ಕೇಳಿದ್ದು ಒಂದೇ: "ಹೇಂಟೆ ಯಾವತ್ತಾದ್ರೂ ಮೊಟ್ಟೆ ಒಡೆದು ಕೊಡ್ತದಾ ಮಗಳೇ?"

ಕೊಡಲ್ಲ. ಆದರೆ ಹೇಂಟೆಯ ಅಡಿಯಲ್ಲೂ ಒಂದೆರಡು ಮರಿ ಚಿಪ್ಪಲ್ಲೇ ಸಾಯ್ತಿದ್ವು ಅನ್ನೋದೂ ನಿಜ. ಅಮ್ಮನ ಮಾತು ಅರ್ಧ ಉತ್ತರ. ಉಳಿದರ್ಧ ನಾವು ಕಲಿಯಬೇಕು.

ನಾಲ್ಕನೇ ನಂಬರ್

ಈ ಸಲ ನಾಲ್ಕನೇ ಮೊಟ್ಟೆಯಲ್ಲಿ ತೂತು ಕಂಡಿದ್ದು ಗುರುವಾರ ರಾತ್ರಿ 9ಕ್ಕೆ. ಶುಕ್ರವಾರ ರಾತ್ರಿಯೊಳಗೆ ನಾಲ್ಕು ಮರಿ ಬಂದಾಗಿತ್ತು. ಶನಿವಾರ ಬೆಳಗಿನ ಜಾವ 3 ಗಂಟೆ, ಅಂದ್ರೆ 30 ಗಂಟೆ ಕಳೆದಾಗ, ನಾಲ್ಕನೇದು ಇದ್ದಲ್ಲೇ ಇತ್ತು. ತೂತಿನ ಸುತ್ತ ಪೊರೆ ಬೆಳ್ಳಗೆ ಮೆತ್ತಗೆ ಇರಬೇಕಾದ್ದು ಕಂದು ಬಣ್ಣಕ್ಕೆ ತಿರುಗಿ ಹಳೇ ಚರ್ಮದ ಹಾಗೆ ಆಗಿತ್ತು. ಪೊರೆ ಒಣಗಿ ಅಂಟಿದೆ ಅನ್ನೋದರ ಗುರುತು ಅದು. ತೂಕದ ಲೆಕ್ಕವೂ ಅದನ್ನೇ ಹೇಳ್ತಿತ್ತು.

ಆಗ ಮಾಡಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳ್ತೀನಿ.

ಮೊದಲು ಜಾಗ. ಎಸಿ ಇಲ್ಲದ ಬಚ್ಚಲುಮನೆಗೆ ಹೋಗಿ, ಬಿಸಿನೀರು ಬಿಟ್ಟು, ಬಾಗಿಲು ಹಾಕಿಕೊಂಡೆ. ಕೋಣೆ ಬೆಚ್ಚಗೆ, ಹಬೆಹಬೆಯಾಗಿದ್ರೆ ಮೊಟ್ಟೆ ಕೈಯಲ್ಲಿರುವ ಐದು ನಿಮಿಷದಲ್ಲಿ ಪೊರೆ ಇನ್ನಷ್ಟು ಒಣಗಲ್ಲ. ಕೈಯನ್ನು ಸೋಪು ಹಾಕಿ ತೊಳೆದುಕೊಂಡೆ. ಚಿಮಟವನ್ನು ಕುದಿಸಿ ಆರಿಸಿಟ್ಟಿದ್ದೆ.

ಎರಡನೇದು ನೋಡುವುದು. ತೂತಿನ ಸುತ್ತ, ಗಾಳಿಕೋಣೆಯ ಮೇಲೆ ಮಾತ್ರ, ಚಿಪ್ಪಿನ ಒಂದೆರಡು ಚೂರು ತೆಗೆದೆ. ಪೊರೆ ಮುಟ್ಟಲಿಲ್ಲ. ಕುದಿಸಿ ಆರಿಸಿದ ಬೆಚ್ಚಗಿನ ನೀರಲ್ಲಿ ಇಯರ್‌ಬಡ್ ಅದ್ದಿ ಪೊರೆಗೆ ಸವರಿದೆ. ಒದ್ದೆಯಾದ ಪೊರೆ ಪಾರದರ್ಶಕ ಆಗುತ್ತೆ, ಒಳಗಿನದ್ದು ಕಾಣುತ್ತೆ. ಮೂಗಿನ ಹೊಳ್ಳೆಗೆ ನೀರು ಹೋಗದ ಹಾಗೆ ಎಚ್ಚರ ಇರಲಿ.

ಕಂಡದ್ದು ಕೆಂಪು ನಾಳಗಳು. ಸಣ್ಣ ನದಿಗಳ ನಕ್ಷೆ ಥರ.

ಹಾಗಾದ್ರೆ ಏನರ್ಥ? ರಕ್ತ ಇನ್ನೂ ಹೊರಗಿದೆ, ಸಾಮಾನು ಕಟ್ಟಿ ಮುಗಿದಿಲ್ಲ. ಮರಿ ಉಸಿರಾಡ್ತಿದೆ, ಮೂಗಿಗೆ ದಾರಿ ಇದೆ. ಅಷ್ಟು ಸಾಕು. ವಾಪಸ್ ಇನ್‌ಕ್ಯುಬೇಟರ್‌ಗೆ ಇಟ್ಟು, ಒದ್ದೆ ಸ್ಪಂಜು ಒಂದನ್ನು ಜೊತೆಗಿಟ್ಟೆ.

ನಿಜ ಹೇಳ್ತೀನಿ, ಕಷ್ಟದ ಭಾಗ ಅದೇ. ಕೈಯಲ್ಲಿ ಚಿಮಟ ಇದೆ, ಒಳಗಿನಿಂದ ಕೂಗು ಕೇಳ್ತಿದೆ, ಆದರೂ ಮುಚ್ಚಳ ಮುಚ್ಚಿ ಹೊರಗೆ ಬರಬೇಕು. ನಾನು ಟೀ ಮಾಡ್ಕೊಂಡು ಅಡುಗೆಮನೆ ನೆಲದ ಮೇಲೆ ಕೂತೆ.

ಬೆಳಗ್ಗೆ 9ಕ್ಕೆ ಮತ್ತೆ ನೋಡಿದೆ. ಮೇಲ್ಭಾಗದ ನಾಳಗಳು ಮಸುಕಾಗಿದ್ದವು, ಕೆಳಗೆ ಇನ್ನೂ ಕೆಂಪು. ಗಾಳಿಕೋಣೆಯ ಮೇಲಿನ ಚಿಪ್ಪಿನ ಟೋಪಿಯಷ್ಟನ್ನು ಮಾತ್ರ ತೆಗೆದೆ. ಮಧ್ಯಾಹ್ನ ನೋಡಿದಾಗ ಮರಿ ಆಕಳಿಸುವ ಹಾಗೆ ಬಾಯಿ ತೆರೆದು ಮುಚ್ಚುತ್ತಿತ್ತು. ಸಾಕುವವರ ಅನುಭವದಲ್ಲಿ ಅದು ಹಳದಿ ಇನ್ನೂ ಒಳಗೆ ಹೋಗ್ತಿದೆ ಅನ್ನೋ ಗುರುತು. ಮತ್ತೆ ಮುಚ್ಚಳ ಮುಚ್ಚಿದೆ.

ಸಂಜೆ 5ಕ್ಕೆ ಪೊರೆಯಲ್ಲಿ ಒಂದು ಕೆಂಪು ಗೆರೆಯೂ ಇರಲಿಲ್ಲ. ಆಗ ಮಾತ್ರ ಒಣಗಿದ ಪೊರೆಯನ್ನು ನೀರಿನಿಂದ ಮೆತ್ತಗೆ ಮಾಡುತ್ತಾ, ಕೊಕ್ಕು ಮತ್ತು ತಲೆಯಿಂದ ಬಿಡಿಸಿದೆ. ರೆಕ್ಕೆಯ ಕೆಳಗಿದ್ದ ತಲೆ ಸಡಿಲವಾಯಿತು. ಅಲ್ಲಿಗೆ ನಿಲ್ಲಿಸಿದೆ. ಮರಿಯನ್ನು ಎಳೆದು ತೆಗೆಯಲಿಲ್ಲ. ಹೊಟ್ಟೆಯ ಭಾಗ ಚಿಪ್ಪಿನ ಕೆಳಗಿನ ಅರ್ಧದಲ್ಲೇ ಇರಬೇಕು. ಹೊಕ್ಕುಳ ಮುಚ್ಚಿದೆಯೋ ಇಲ್ಲವೋ ನಮಗೆ ಕಾಣಲ್ಲ, ಅದು ಮರಿಗೆ ಮಾತ್ರ ಗೊತ್ತು. ಜೊತೆಗೆ ಕಾಲಿನಿಂದ ಒದ್ದು ಹೊರಬರುವ ಆ ಕೊನೆಯ ಕೆಲಸ ಅದರದ್ದೇ ಆಗಿರಲಿ.

ರಾತ್ರಿ 7.30ಕ್ಕೆ ಒದ್ದು ಹೊರಬಂತು. ತೂತಿನಿಂದ ಲೆಕ್ಕ ಹಾಕಿದರೆ 46 ಗಂಟೆ ಮೇಲಾಗಿತ್ತು. ನಾನು ನಿಜವಾಗಿ ಕೈ ಹಾಕಿದ್ದು ಎಲ್ಲ ಸೇರಿ ಇಪ್ಪತ್ತು ನಿಮಿಷ ಇರಬಹುದು.

ಆರನೇ ನಂಬರ್

ಎಲ್ಲ ಸರಿಯಾಗಿ ಮಾಡಿದರೆ ಎಲ್ಲ ಉಳಿಯುತ್ತೆ ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ.

ಆರನೇ ಮೊಟ್ಟೆಯ ಮರಿ ತಲೆಕೆಳಗಾಗಿತ್ತು. ಕೊಕ್ಕು ದಪ್ಪ ತುದಿಯ ಕಡೆ ಇರಬೇಕಾದ್ದು ಚೂಪು ತುದಿಯ ಕಡೆ ಇತ್ತು. ಅಲ್ಲಿ ಗಾಳಿಕೋಣೆ ಇಲ್ಲ, ಅಂದ್ರೆ ಮೊದಲ ಉಸಿರಿಗೆ ಅಭ್ಯಾಸದ ಜಾಗವೇ ಇಲ್ಲ. ಶುಕ್ರವಾರ ಮಧ್ಯಾಹ್ನ ಚೂಪು ತುದಿಯಲ್ಲಿ ಬಿರುಕು ನೋಡಿದೆ. ಇಂಥ ಮರಿಗೆ 24 ಗಂಟೆ ಸುಮ್ಮನೆ ಕಾಯಬಾರದು. ಮೊದಲು ಮೂಗಿಗೆ ಗಾಳಿಯ ದಾರಿ ಮಾಡಬೇಕು. ಹೊಳ್ಳೆಗಳ ಮೇಲೆ ಚಿಪ್ಪು, ಪೊರೆ ಸರಿಸಿ ಸಣ್ಣ ಕಿಂಡಿ ಮಾಡಿದೆ. ಸುತ್ತ ಎಲ್ಲ ಕೆಂಪು ನಾಳಗಳು. ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ. ವಾಪಸ್ ಇಟ್ಟೆ. ನಾಲ್ಕು ಗಂಟೆ ಬಿಟ್ಟು ನೋಡಿದಾಗ ಕೊಕ್ಕು ಅಲ್ಲಾಡ್ತಿರಲಿಲ್ಲ.

ಪೆಟ್ಟಿಗೆಯಲ್ಲಿ ಇಲ್ಲದ ಎರಡನೇದು ಅದು. ಹೋದ ವರ್ಷದ ಮರಿಗೂ ಇದಕ್ಕೂ ನನ್ನ ಮನಸ್ಸಲ್ಲಿ ವ್ಯತ್ಯಾಸ ಇದೆ. ಅದನ್ನು ನನ್ನ ಅವಸರ ಕೊಂದಿತು. ಇದನ್ನು ಉಳಿಸೋಕೆ ನನ್ನಿಂದ ಆಗಲಿಲ್ಲ. ಸಾಕುವವರು ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳೋದು ಒಳ್ಳೇದು. ಇಲ್ಲಾಂದ್ರೆ ಒಂದು ಸಲದ ದುಃಖಕ್ಕೆ ಹೆದರಿ ಮುಂದಿನ ಸಲ ಮತ್ತೆ ಅವಸರ ಮಾಡ್ತೀವಿ.

ನೆನಪಿಡೋಕೆ

ಈಗ ಸಾರಾಂಶ. ಒಳಗೆ ಕುಕ್ಕಿ, ಗಾಳಿಕೋಣೆಯಲ್ಲಿ ಉಸಿರಾಡ್ತಾ, 24 ಗಂಟೆ ಕಳೆದರೂ ಹೊರಗೆ ಬಿರುಕಿಲ್ಲ ಅಂದ್ರೆ, ಗಾಳಿಕೋಣೆಯ ಮೇಲೆ ಚಿಪ್ಪಿಗೆ ಮಾತ್ರ ಒಂದು ಸೂಜಿತೂತು ಮಾಡಬಹುದು. ಗಾಳಿಗೆ ಅಷ್ಟು ಸಾಕು. ಹೊರಗೆ ತೂತು ಮಾಡಿ, ಪೊರೆ ಬೆಳ್ಳಗೆ ಮೆತ್ತಗಿದ್ದು, ಮರಿ ಆಗಾಗ ಕೂಗ್ತಿದ್ರೆ ಕಾಯಿರಿ. ಪದೇ ಪದೇ ಮುಚ್ಚಳ ತೆಗೀಬೇಡಿ, ತೇವಾಂಶ ಹೋಗುತ್ತೆ. ಪೊರೆ ಕಂದು ಬಣ್ಣಕ್ಕೆ ತಿರುಗಿದ್ರೆ, ಅಥವಾ ಒಂದೂವರೆ ದಿನ ಕಳೆದರೂ ಏನೂ ಮುಂದುವರಿಯದಿದ್ರೆ, ಒದ್ದೆ ಮಾಡಿ ನಾಳ ನೋಡಿ. ಕೆಂಪು ಕಂಡರೆ ನಿಲ್ಲಿಸಿ. ರಕ್ತ ಒಂದು ಹನಿ ಬಂದರೂ ನಿಲ್ಲಿಸಿ, ಶುದ್ಧ ಬಟ್ಟೆಯ ತುದಿಯಿಂದ ಮೆಲ್ಲಗೆ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ವಾಪಸ್ ಇಟ್ಟು ಕೆಲವು ಗಂಟೆ ಬಿಡಿ.

ಹೊರಬಂದ ಮರಿಗೆ ಮೈ ಒಣಗೋವರೆಗೂ ಇನ್‌ಕ್ಯುಬೇಟರೇ ಮನೆ. ಹೊಟ್ಟೆಯಲ್ಲಿ ಬುತ್ತಿ ಇದೆ, ತಕ್ಷಣ ತಿನ್ನಿಸೋ ಅವಸರ ಬೇಡ. ಪೆಟ್ಟಿಗೆಯಲ್ಲಿ ಜಾರುವ ಪೇಪರ್ ಹಾಕಬೇಡಿ, ಕಾಲು ಅಗಲವಾಗಿ ಜಾರಿ ಹಾಗೇ ಉಳಿದುಬಿಡುತ್ತೆ. ಒರಟು ಟವೆಲ್ ಹಾಸಿ. ನೀರಿನ ತಟ್ಟೆಯಲ್ಲಿ ಕೊಕ್ಕು ಮುಳುಗಬೇಕು, ಮರಿ ಮುಳುಗಬಾರದು. ಬಾತುಮರಿಗೆ ನಯಾಸಿನ್ ಅನ್ನೋ ಬಿ ವಿಟಮಿನ್ ಕೋಳಿಮರಿಗಿಂತ ಜಾಸ್ತಿ ಬೇಕು. ಬರೀ ಕೋಳಿಮರಿ ಆಹಾರ ಕೊಟ್ಟರೆ ಕಾಲು ಸೋಲಬಹುದು, ಹಾಗಾಗಿ ಬಾತುಮರಿಗೆ ಸರಿಹೊಂದುವ ಆಹಾರ ಕೇಳಿ ತನ್ನಿ.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. 1960ರ ದಶಕದಲ್ಲಿ ಇಂಗ್ಲೆಂಡಿನ ಮಾರ್ಗರೆಟ್ ವಿನ್ಸ್ ಅನ್ನುವ ವಿಜ್ಞಾನಿ ಬುರ್ಲಿ ಹಕ್ಕಿಯ ಜಾತಿಯ ಮೊಟ್ಟೆಗಳಲ್ಲಿ ಒಂದು ವಿಷಯ ತೋರಿಸಿದರು. ಒಂದಕ್ಕೊಂದು ತಾಗಿಕೊಂಡ ಮೊಟ್ಟೆಗಳಲ್ಲಿ ಮರಿಗಳು ಟಿಕ್ ಟಿಕ್ ಸದ್ದಿನಿಂದ ಪರಸ್ಪರರ ವೇಗ ಬದಲಿಸಿ, ಹೆಚ್ಚು ಕಡಿಮೆ ಒಟ್ಟಿಗೇ ಹೊರಬರುತ್ತವೆ. ಬಾತುಮರಿಗಳೂ ಚಿಪ್ಪಿನೊಳಗಿನಿಂದಲೇ ಕೇಳಿಸಿಕೊಳ್ಳುತ್ತವೆ. ಅದಕ್ಕೇ ಶನಿವಾರ ಇಡೀ ದಿನ ಆ ನಾಲ್ಕು ಮರಿಗಳ ಪೆಟ್ಟಿಗೆಯನ್ನು ಇನ್‌ಕ್ಯುಬೇಟರ್‌ಗೆ ತಾಗಿಸಿಯೇ ಇಟ್ಟಿದ್ದೆ. ಅದರಿಂದಲೇ ನಾಲ್ಕನೇ ನಂಬರ್ ಬಂತು ಅಂತ ನಾನು ಹೇಳಲ್ಲ, ಒಂದು ಮೊಟ್ಟೆಯಿಂದ ವಿಜ್ಞಾನ ಆಗಲ್ಲ. ಆದರೆ ಹೊರಗೆ ಕೀಚ್ ಅಂದಾಗಲೆಲ್ಲ ಒಳಗಿನಿಂದಲೂ ಕೀಚ್ ಅಂತಿತ್ತು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಐದನ್ನೂ ತೋರಿಸಿದೆ. "ಯಾವುದು ನೀನು ತೆಗೆದದ್ದು?" ಅಂತ ಕೇಳಿದ್ರು. ಒಣಗಿದ ಮೇಲೆ ನನಗೂ ಗುರುತು ಸಿಗ್ತಿಲ್ಲ.

ನಿಮ್ಮ ಮನೆಯ ಮೊಟ್ಟೆಯ ಕಥೆಗಳಿದ್ರೆ ನಮಗೆ ಹೇಳಿ, ಉಳಿದವೂ ಸರಿ, ಉಳಿಯದವೂ ಸರಿ.